ವಿಠಲ ವಿಹಾರದಿಂದ ಹರವೆಯ ಜಗಲಿಗೆ: ಮೈಸೂರು ಬಾನುಲಿಯ ವಿನೋದಾವಳಿಗೆ ತೊಂಬತ್ತು ವರ್ಷ

ಮೈಸೂರಿನ ಬಾನುಲಿಗೆ 2025ರ ಸೆಪ್ಟೆಂಬರ್ 10ಕ್ಕೆ ತೊಂಬತ್ತು ವರ್ಷ ತುಂಬಿತು. ಇಂಥ ಹೊತ್ತಿನಲ್ಲಿ ಕಟ್ಟಿದವರನ್ನು, ನಡೆಸಿದವರನ್ನು, ಹಾಡಿದವರನ್ನು ನೆನೆಯುವುದು ವಾಡಿಕೆ. ಅದು ಆಗಲೇಬೇಕಾದ ಕೆಲಸ. ಅದರ ಜೊತೆಗೆ ಈ ಸಂಸ್ಥೆಯನ್ನು ಕೇಳುಗರ ಕಡೆಯಿಂದಲೂ ಒಮ್ಮೆ ನೋಡಬೇಕು. ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿ, ಅದರಾಚೆಯ ಗುಂಡ್ಲುಪೇಟೆ ಸೀಮೆ 1997ರವರೆಗೂ ಮೈಸೂರು ಜಿಲ್ಲೆಗೇ ಸೇರಿದ್ದವು. ಮೈಸೂರಿನ ಪ್ರಸಾರ ಎಂದರೆ ಇಲ್ಲಿನವರಿಗೆ ನಮ್ಮ ಜಿಲ್ಲೆಯ ದನಿ.

ಹಾಡು, ಪ್ರಹಸನ, ವಾದ್ಯ, ಹರಟೆ ಒಟ್ಟುಗೂಡಿದ ಕಾರ್ಯಕ್ರಮಕ್ಕೆ ಹಿಂದಿನವರು ವಿನೋದಾವಳಿ ಎನ್ನುತ್ತಿದ್ದರು. ಬಾನುಲಿ ಹಳ್ಳಿಗೆ ಹತ್ತಿರವಾದದ್ದು ಮುಖ್ಯವಾಗಿ ಇದರಿಂದಲೇ. ಮೊದಲ ಹಲವು ದಶಕ ಹರವೆಯಂಥ ಊರುಗಳು ಪಟ್ಟಣದ ವಿನೋದವನ್ನು ಕೇಳಿದವು. ಆಮೇಲೆ ಈ ಸೀಮೆಯ ಕಂಸಾಳೆ, ತಂಬೂರಿ, ಸೋಬಾನೆಗಳೇ ಸ್ಟುಡಿಯೋ ಹೊಕ್ಕವು. ಕೇಳುತ್ತಿದ್ದ ಊರು ಹಾಡುವ ಊರೂ ಆಯಿತು. ಈ ಸಂಸ್ಥೆಯ ತೊಂಬತ್ತು ವರ್ಷದ ಸಾಧನೆಗಳಲ್ಲಿ ಇದೇ ದೊಡ್ಡದು ಎಂಬುದು ಈ ಲೇಖನದ ನಿಲುವು.

1935–1941: ಒಂದು ಮನೆಯ ಬಾನುಲಿ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಓದಿ ಬಂದು, 1924ರಲ್ಲಿ ಇಲ್ಲಿ ಆ ವಿಭಾಗವನ್ನು ಕಟ್ಟಿದರು. ಮಾತು ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಬಲ್ಲವರು. ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಕಡಿಮೆ ಶಕ್ತಿಯ ಒಂದು ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಸರ್ಕಾರದ ಹುಕುಂ ಇರಲಿಲ್ಲ, ಕಂಪನಿಯ ಬಂಡವಾಳವೂ ಇರಲಿಲ್ಲ. ಒಬ್ಬ ಮೇಷ್ಟರ ಹಂಬಲ, ಅವರ ಕೈಯ ದುಡ್ಡು, ಸ್ನೇಹಿತರ ನೆರವು ಇಷ್ಟೇ ಅದರ ಬುನಾದಿ.

ದೇಶದಲ್ಲಿ ಆಗ ಬಾನುಲಿ ಇನ್ನೂ ಎಳೆಯದು. 1927ರ ಜುಲೈನಲ್ಲಿ ಮುಂಬಯಿಯಲ್ಲೂ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲೂ ಆರಂಭವಾದ ಖಾಸಗಿ ಕಂಪನಿ ಮೂರು ವರ್ಷಕ್ಕೆ ದಿವಾಳಿಯಾಗಿತ್ತು. ಅದನ್ನು ವಹಿಸಿಕೊಂಡ ಸರ್ಕಾರಿ ಸೇವೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂದು ಹೆಸರಾದದ್ದು 1936ರ ಜೂನ್ 8ರಂದು. ಮೈಸೂರಿನ ಮನೆಯ ಬಾನುಲಿ ಆ ಹೆಸರಿಗಿಂತ ಒಂಬತ್ತು ತಿಂಗಳು ಹಿರಿದು.

ಗೋಪಾಲಸ್ವಾಮಿಯವರಿಗೆ ಹೆಗಲು ಕೊಟ್ಟವರಲ್ಲಿ ಮುಖ್ಯರು ನಾ. ಕಸ್ತೂರಿ. ಮಲಯಾಳ ನಾಡಿನಿಂದ ಬಂದು ಕನ್ನಡ ಕಲಿತು ಕನ್ನಡದ ಹಾಸ್ಯ ಬರಹಗಾರರ ಮುಂಚೂಣಿಗೆ ಏರಿದವರು. ಈ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ನಿಂತದ್ದೂ ಈ ದಿನಗಳಲ್ಲೇ. ಅದನ್ನು ಸೂಚಿಸಿದ ಶ್ರೇಯಸ್ಸನ್ನು ಕೆಲವರು ಕಸ್ತೂರಿಯವರಿಗೂ ಕೆಲವರು ಗೋಪಾಲಸ್ವಾಮಿಯವರಿಗೂ ಕೊಡುತ್ತಾರೆ. ಒಂದೇ ಮನೆಯಲ್ಲಿ ಜೊತೆಯಾಗಿ ದುಡಿದ ಇಬ್ಬರ ನಡುವೆ ಹುಟ್ಟಿದ ಹೆಸರು ಇಬ್ಬರದೂ ಹೌದು ಎಂದರೆ ಯಾರಿಗೂ ಅನ್ಯಾಯವಾಗದು.

ಕಸ್ತೂರಿಯವರಂಥ ಹಾಸ್ಯ ಬರಹಗಾರರು ಆರಂಭದಲ್ಲೇ ಜೊತೆಗಿದ್ದದ್ದು ಸಂಸ್ಥೆಯ ಗುಣವನ್ನೇ ರೂಪಿಸಿತು. ಬಾನುಲಿ ಎಂದರೆ ಪಾಠ ಹೇಳುವ ಯಂತ್ರ ಎಂಬ ಭಾವನೆ ಬೆಳೆಯುವ ಮೊದಲೇ ಮೈಸೂರಿನಲ್ಲಿ ಅದು ನಗಿಸುವ ನೆಂಟನೂ ಆಯಿತು. ಅಮೆರಿಕದಲ್ಲಿ ಜ್ಯಾಕ್ ಬೆನ್ನಿ 1932ರಿಂದ ಹಾಡು ಹಾಸ್ಯ ಬೆರೆಸಿ ರೇಡಿಯೋ ನಡೆಸುತ್ತಿದ್ದರು. ಇಂಗ್ಲೆಂಡಿನ ಬಿಬಿಸಿಯಲ್ಲಿ 1939ರಿಂದ ಟಾಮಿ ಹ್ಯಾಂಡ್ಲಿಯ ಹಾಸ್ಯಸರಣಿ ಯುದ್ಧದ ಕಷ್ಟದಲ್ಲಿದ್ದ ಜನಕ್ಕೆ ಧೈರ್ಯ ಕೊಟ್ಟಿತು. ಅಲ್ಲಿನ ವೆಚ್ಚ, ವಾದ್ಯವೃಂದ, ಜಾಹೀರಾತು ಯಾವುದೂ ಇಲ್ಲಿ ಇರಲಿಲ್ಲ. ಇದ್ದದ್ದು ಊರಿನ ತುಂಬ ಸಂಗೀತಗಾರರು, ಕಾಲೇಜಿನ ತುಂಬ ನಾಟಕದ ಹುಚ್ಚಿನ ಹುಡುಗರು, ಟಿ.ಪಿ. ಕೈಲಾಸಂ ಹಾಕಿಕೊಟ್ಟಿದ್ದ ಪ್ರಹಸನದ ದಾರಿ.

ಕೈಲಾಸಂ ನಾಟಕಗಳು ಬಾನುಲಿಗೆ ಹೇಳಿ ಮಾಡಿಸಿದಂತಿದ್ದವು. ಕಂಪನಿ ನಾಟಕಕ್ಕೆ ಪರದೆ ಬೇಕು, ಕಿರೀಟ ಬೇಕು. ಕೈಲಾಸಂ ಕಥೆ ನಡೆಯುವುದು ಮನೆಯ ನಡುಮನೆಯಲ್ಲಿ, ಬರೀ ಮಾತಿನಲ್ಲಿ. ಇಂಗ್ಲಿಷ್ ಬೆರೆತ ವಕೀಲರ ಕನ್ನಡ ಒಂದು ಕಡೆ, ಅಡುಗೆಯವನ ಕನ್ನಡ ಇನ್ನೊಂದು ಕಡೆ. ದನಿ ಕೇಳಿದ ಕೂಡಲೇ ಮನುಷ್ಯ ಯಾರೆಂದು ತಿಳಿಯುತ್ತದೆ. ಮುಖ ಕಾಣದ ಮಾಧ್ಯಮಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ.

1942–1955: ಸಂಸ್ಥಾನದ ಸಂಸ್ಥೆ

ಮನೆಯ ಖರ್ಚಿನಲ್ಲಿ ಬಾನುಲಿ ಬಹುಕಾಲ ನಡೆಯುವಂಥದ್ದಲ್ಲ. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಪ್ರೇಷಕದ ಶಕ್ತಿ ಹೆಚ್ಚಿತು, ಕಲಾವಿದರಿಗೆ ಸಂಭಾವನೆ ನಿಗದಿಯಾಯಿತು, ವೇಳಾಪಟ್ಟಿ ಬಿಗಿಯಾಯಿತು. ಸಂಸ್ಥಾಪಕರ ಮನೆಯ ಸಲಿಗೆ ಕಡಿಮೆಯಾಯಿತು ಎಂದು ಕೊರಗಿದವರೂ ಇದ್ದಿರಬೇಕು. ಆದರೆ ಮನೆಯಿಂದ ಸಂಸ್ಥೆಗೆ ದಾಟುವ ಹೊಸಿಲು ಅದು. ಅದನ್ನು ದಾಟದಿದ್ದರೆ ಇಂದು ನೆನೆಯಲು ಏನೂ ಉಳಿಯುತ್ತಿರಲಿಲ್ಲ.

1947ರಲ್ಲಿ ದೇಶ ಸ್ವತಂತ್ರವಾದಾಗ ಆಲ್ ಇಂಡಿಯಾ ರೇಡಿಯೋ ಬಳಿ ಭಾರತದಲ್ಲಿ ಇದ್ದದ್ದು ಆರೇ ಕೇಂದ್ರ: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಖನೌ. ಇವೆಲ್ಲ ಸೇರಿ ದೇಶದ ನೆಲದ ನೂರಕ್ಕೆ ಎರಡೂವರೆ ಪಾಲನ್ನು, ಜನರಲ್ಲಿ ನೂರಕ್ಕೆ ಹನ್ನೊಂದು ಮಂದಿಯನ್ನು ಮಾತ್ರ ಮುಟ್ಟುತ್ತಿದ್ದವು. ಕನ್ನಡದ ಊರೊಂದರಲ್ಲಿ ಕನ್ನಡಕ್ಕೆಂದೇ ಇದ್ದ ಕೇಂದ್ರ ಮೈಸೂರಿನದು. ಮದರಾಸು, ಮುಂಬಯಿ, ಹೈದರಾಬಾದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಇಂದು ಊಹಿಸುವುದೂ ಕಷ್ಟ. 1950ರಲ್ಲಿ ಸಂಸ್ಥಾನಗಳ ಬಾನುಲಿ ಕೇಂದ್ರಗಳು ರಾಷ್ಟ್ರೀಯ ಜಾಲದಲ್ಲಿ ಸೇರಿದವು. ಮೈಸೂರೂ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರ ಆರಂಭವಾಗಿತ್ತು.

ಹಾಸ್ಯ ಸಾಹಿತ್ಯಕ್ಕೂ ಇದು ಹದವಾದ ಕಾಲ. 1942ರಲ್ಲಿ ಡಾ. ಎಂ. ಶಿವರಾಂ, ನಾವೆಲ್ಲ ಬಲ್ಲ ‘ರಾಶಿ’, ‘ಕೊರವಂಜಿ’ ಪತ್ರಿಕೆ ಆರಂಭಿಸಿದರು. ಕಸ್ತೂರಿ ಅದರಲ್ಲಿ ಬರೆದರು. ಟಿ. ಸುನಂದಮ್ಮ ಗೃಹಿಣಿಯರ ಬದುಕನ್ನು ನಗೆಬರಹಕ್ಕೆ ತಂದರು, ಬಾನುಲಿಗೂ ಪ್ರಹಸನ ಬರೆದುಕೊಟ್ಟರು. ಅಚ್ಚಿನಲ್ಲಿ ಪಳಗಿದ ಹಾಸ್ಯ ದನಿಯಲ್ಲೂ ಪಳಗಿತು. ಅಲ್ಲಿಯವರೆಗೆ ನಗೆನಾಟಕದಲ್ಲಿ ಹೆಂಗಸರ ಪಾತ್ರವನ್ನು ಹೆಚ್ಚಾಗಿ ಬರೆದವರೂ ಗಂಡಸರು, ರಂಗದ ಮೇಲೆ ಅನೇಕ ಸಲ ಆಡಿದವರೂ ಗಂಡಸರು. ಬಾನುಲಿಯಲ್ಲಿ ಹೆಣ್ಣುಮಗಳೇ ಬರೆದದ್ದನ್ನು ಹೆಣ್ಣುಮಕ್ಕಳೇ ಆಡಿದರು. ರಂಗ ಹತ್ತಲು ಮನೆಯವರ ಒಪ್ಪಿಗೆ ಸಿಗದ ಎಷ್ಟೋ ಹೆಣ್ಣುಮಕ್ಕಳಿಗೆ ಮುಖ ಕಾಣದ ಈ ರಂಗ ಬಾಗಿಲು ತೆರೆಯಿತು.

ಆಗಿನ ಪ್ರಸಾರವೆಲ್ಲ ನೇರ. ಧ್ವನಿಮುದ್ರಣ ದುಬಾರಿ, ಅಪರೂಪ. ತಪ್ಪಿದರೆ ತಿದ್ದಲು ಎಡೆಯಿಲ್ಲ. ಒಂದೇ ಮೈಕಿನ ಸುತ್ತ ಪಾತ್ರಧಾರಿಗಳು ನಿಲ್ಲಬೇಕು, ದೂರದಿಂದ ಬರುವ ಪಾತ್ರ ಗೋಡೆಯ ಬಳಿಯಿಂದ ಮಾತಾಡುತ್ತ ಮುಂದೆ ಬರಬೇಕು, ಹಾಳೆ ತಿರುವುವ ಸದ್ದು ಕೇಳಬಾರದು. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ತಗಡು ಅಲುಗಿಸಿದರೆ ಗುಡುಗು. ಹಾಡಿನ ಕೊನೆಯ ಸಾಲು ಮುಗಿಯುವ ಮೊದಲೇ ಪ್ರಹಸನದವರು ಉಸಿರು ಹಿಡಿದು ಸಿದ್ಧರಿರಬೇಕು. ಈ ಶಿಸ್ತು ಕನ್ನಡದ ಒಂದು ತಲೆಮಾರಿನ ನಟರಿಗೆ, ಗಾಯಕರಿಗೆ ಸಿಕ್ಕ ದೊಡ್ಡ ಶಿಕ್ಷಣ.

1955–1974: ಬೆಂಗಳೂರಿಗೆ ಪಯಣ, ಸುವರ್ಣಕಾಲ

1955ರ ನವೆಂಬರಿನಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಇಪ್ಪತ್ತು ವರ್ಷ ಸಾಕಿದ ಊರಿಗೆ ಇದು ನೋವಿನ ವಿಷಯ, ಮೈಸೂರಿನ ಹಿರಿಯರಲ್ಲಿ ಆ ನೋವು ಬಹಳ ಕಾಲ ಉಳಿಯಿತು. ರಾಜ್ಯದ ರಾಜಧಾನಿಯಲ್ಲಿ ಬಲವಾದ ಪ್ರೇಷಕ ಬೇಕೆಂಬುದು ಆಡಳಿತದ ಅಗತ್ಯ, ತಮ್ಮ ಮಗುವನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬೇಕೆಂಬುದು ಮೈಸೂರಿನ ಮಮತೆ. ಎರಡೂ ನ್ಯಾಯವೇ. ಮೈಸೂರಿಗೆ ಸಮಾಧಾನವೂ ಸಿಕ್ಕಿತು: ಕೆಲವೇ ವರ್ಷದಲ್ಲಿ ‘ಆಕಾಶವಾಣಿ’ ಎಂಬ ಅದರ ಹೆಸರು ಇಡೀ ರಾಷ್ಟ್ರದ ಬಾನುಲಿಯ ಹೆಸರಾಯಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು, ಎಲ್ಲ ಭಾಷೆಯಲ್ಲೂ ‘ಆಕಾಶವಾಣಿ’ ಎಂಬುದನ್ನೇ ಬಳಸುವಂತೆ ಸಂಸ್ಥೆ ಆದೇಶಿಸಿತು. ಒಂಟಿಕೊಪ್ಪಲಿನ ಮನೆಯ ಬಾನುಲಿಯ ಹೆಸರು ಹೀಗೆ ದೇಶದ ಬಾನುಲಿಯ ಹೆಸರಾಗಿದೆ.

ಬೆಂಗಳೂರು ಕೇಂದ್ರದ ಬಲದಿಂದ ವಿನೋದಾವಳಿ ಬಹಳ ದೂರ ಮುಟ್ಟಿತು. ವೀಣೆ ದೊರೆಸ್ವಾಮಿ ಅಯ್ಯಂಗಾರರು ಅಲ್ಲಿನ ಸಂಗೀತ ವಿಭಾಗದಲ್ಲಿ ಇದ್ದು ಪು.ತಿ.ನ. ಅವರ ಗೇಯನಾಟಕಗಳಿಗೆ ರಾಗ ಹಾಕಿದರು. ಎನ್.ಎಸ್. ವಾಮನ್ ನಾಟಕ ವಿಭಾಗಕ್ಕೆ ಶಕ್ತಿ ತುಂಬಿದರು. ಯಮುನಾ ಮೂರ್ತಿಯವರ ದನಿ ಮನೆಮನೆಯ ಗುರುತಾಯಿತು. ಎ.ಎಸ್. ಮೂರ್ತಿ ‘ಈರಣ್ಣ’ನಾಗಿ ಊರೂರಿಗೆ ಪರಿಚಿತರಾದರು, ‘ರೇಡಿಯೋ ಈರಣ್ಣ’ ಎಂಬುದೇ ಅವರ ಹೆಸರಾಯಿತು. ಹಳ್ಳಿಯವನ ಹೆಸರು, ಹಳ್ಳಿಯವನ ಮಾತಿನ ಲಯ, ಊರಿನ ತಪ್ಪುಒಪ್ಪುಗಳ ಮೇಲೆ ನೇರ ಟೀಕೆ ಎಲ್ಲ ಸೇರಿದ ಆ ಪಾತ್ರ ಬಾನುಲಿ ಹಾಸ್ಯದ ದಿಕ್ಕನ್ನೇ ಸ್ವಲ್ಪ ಹೊರಳಿಸಿತು. ಪಟ್ಟಣದ ಪ್ರಹಸನದಲ್ಲಿ ಹಳ್ಳಿಯವನ ಮಾತು ನಗೆಗೆ ಗುರಿಯಾಗುತ್ತಿತ್ತು. ಈರಣ್ಣ ನಗಿಸುವವನಾದ, ಪಟ್ಟಣವನ್ನು ನೋಡಿ ನಗುವವನೂ ಆದ.

ಸಂಗೀತದಲ್ಲಿ ಒಂದು ರಾಷ್ಟ್ರೀಯ ವಿವಾದ ಕನ್ನಡಕ್ಕೆ ಲಾಭವಾಯಿತು. 1952ರಿಂದ ಹತ್ತು ವರ್ಷ ಕೇಂದ್ರ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಕಡಿಮೆ ಮಾಡಿ ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಹೊತ್ತು ಕೊಟ್ಟರು. ಕಲಾವಿದರಿಗೆ ಧ್ವನಿಪರೀಕ್ಷೆ, ದರ್ಜೆ ಬಂದದ್ದೂ ಆ ಕಾಲದಲ್ಲೇ. ಕೇಳುಗರು ಸುಮ್ಮನಿರಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. 1952ರಲ್ಲಿ ಅಮೀನ್ ಸಯಾನಿ ಆರಂಭಿಸಿದ ಬಿನಾಕಾ ಗೀತಮಾಲೆ ಭಾಷೆ ಬಾರದವರನ್ನೂ ಹಿಡಿದು ಕೂರಿಸಿತು. ಅದಕ್ಕೆ ಉತ್ತರವಾಗಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಹಾಡು, ಕಿರುನಾಟಕ, ಹರಟೆಗಳ ಈ ಸೇವೆ ಹೆಸರಿನಲ್ಲೇ ವಿವಿಧತೆಯನ್ನು ಹೊತ್ತಿತ್ತು.

ಚಿತ್ರಗೀತೆಗೆ ಬದಲಾಗಿ ಕೇಂದ್ರಗಳು ತಮ್ಮದೇ ಲಘು ಸಂಗೀತ ಸೃಷ್ಟಿಸಬೇಕೆಂಬ ಆಗಿನ ಒತ್ತಾಸೆಯನ್ನು ಕನ್ನಡ ಅದ್ಭುತವಾಗಿ ಬಳಸಿಕೊಂಡಿತು. ಕವಿಗಳ ಕವಿತೆಗಳು ಹಾಡಾಗಿ ಹೊರಬಂದವು. ಪಿ. ಕಾಳಿಂಗರಾಯರು ಹಾಕಿದ ದಾರಿಯಲ್ಲಿ ಪದ್ಮಚರಣ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಎಚ್.ಆರ್. ಲೀಲಾವತಿ ಮೊದಲಾದವರು ನಡೆದರು. ಗುಂಡ್ಲುಪೇಟೆ ಕಡೆಯವರಿಗೆ ಇಲ್ಲಿ ಒಂದು ಹೆಚ್ಚಿನ ಹೆಮ್ಮೆಯಿದೆ. ಹಾಸ್ಯ, ಹಾಡು ಎರಡನ್ನೂ ಒಂದೇ ಪದ್ಯದಲ್ಲಿ ಬೆಸೆದ ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ ಅವರ ಮನೆತನ ಗುಂಡ್ಲು ಪಂಡಿತರದು. ಆ ಪದಗಳು ಪುಸ್ತಕ ಓದದವರ ಬಾಯಿಗೂ ಬಂದದ್ದು ಗಾಯಕರಿಂದ, ಬಾನುಲಿಯಿಂದ.

ಅದೇ ವರ್ಷಗಳಲ್ಲಿ: ಹರವೆ ಸೀಮೆಯ ಕೇಳುಗರು

ಈ ಸುವರ್ಣಕಾಲ ಹಳ್ಳಿಗೆ ಹೇಗೆ ಬಂತು? ಮೊದಲು ಪಂಚಾಯಿತಿಯ ಮೂಲಕ. 1956ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮಗೋಷ್ಠಿಗಳನ್ನು ಪ್ರಯೋಗಿಸಿದರು. 1959ರಲ್ಲಿ ಅದು ದೇಶಕ್ಕೆ ಹಬ್ಬಿತು. ಊರಿನ ಸಾಮೂಹಿಕ ರೇಡಿಯೋ ಮುಂದೆ ರೈತರು ಕೂತು ಬೇಸಾಯದ ಕಾರ್ಯಕ್ರಮ ಕೇಳಿ ಚರ್ಚಿಸಬೇಕು ಎಂಬುದು ಅದರ ಉದ್ದೇಶ. ರೈತರು ಕೃಷಿರಂಗವನ್ನು ಕೇಳಿದರು, ಅದು ಮುಗಿದ ಮೇಲೂ ಎದ್ದು ಹೋಗಲಿಲ್ಲ. ಬಿತ್ತನೆ, ಗೊಬ್ಬರದ ಮಾತಿನ ಹಿಂದೆಯೇ ಹಾಡು, ನಾಟಕ ಬರುತ್ತದೆಂದು ಅವರಿಗೆ ಗೊತ್ತಿತ್ತು. ತಿಳಿವಳಿಕೆಯನ್ನು ಹಳ್ಳಿಗೆ ಹೊತ್ತು ತಂದದ್ದು ವಿನೋದ ಎಂಬುದನ್ನು ಬಾನುಲಿಯ ಇತಿಹಾಸ ಬರೆಯುವವರು ಮರೆಯಬಾರದು.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು. ವಿದ್ಯುತ್ತಿಲ್ಲದ ಮನೆಗೂ ಬ್ಯಾಟರಿಯ ಮೇಲೆ ದನಿ ಬಂತು. ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಮರ್ಫಿ, ಫಿಲಿಪ್ಸ್, ಬುಷ್ ಪೆಟ್ಟಿಗೆಗಳಿಗೆ ಹೆಂಗಸರು ಕಸೂತಿಯ ಹೊದಿಕೆ ಹಾಕಿದರು. ಅರಿಸಿನ ಬೇಯಿಸುವ ಒಲೆಯ ಬಳಿ, ಜೋಳದ ಕಾವಲಿಗೆ ಕಟ್ಟಿದ ಅಟ್ಟಣೆಯ ಮೇಲೆ, ಚಾ ಅಂಗಡಿಯಲ್ಲಿ ರೇಡಿಯೋ ಹಾಡಿತು. ಚಲನಚಿತ್ರದ ಧ್ವನಿವಾಹಿನಿ ಬರುವ ದಿನ ಜಗಲಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ಚಿತ್ರಮಂದಿರಕ್ಕೆ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಬೇಕಾದ ಊರುಗಳವು. ನಮ್ಮ ನೆರೆಯ ಗಾಜನೂರಿನ ನಂಟಿನ ಡಾ. ರಾಜ್‌ಕುಮಾರರ ಮಾತನ್ನೂ, ನರಸಿಂಹರಾಜು, ಬಾಲಕೃಷ್ಣರ ಹಾಸ್ಯವನ್ನೂ ಪರದೆಯಿಲ್ಲದೆಯೇ ಇಲ್ಲಿನವರು ಬಾಯಿಪಾಠ ಮಾಡಿದರು.

ಇನ್ನೊಂದು ಸಾಮಾಜಿಕ ಪ್ರಯೋಜನ ಇದೆ. ನಾಟಕ ಕಂಪನಿಗೆ ಟಿಕೆಟ್ಟು ಬೇಕು. ಕಛೇರಿಗೆ ಸಭೆಯ ಮರ್ಯಾದೆ ತಿಳಿದಿರಬೇಕು. ಊರಿನ ಕೆಲವು ಜಗಲಿಗಳ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ಪಂಚಾಯಿತಿ ರೇಡಿಯೋದ ದನಿ ಬೀದಿಗೆ ಬರುತ್ತಿತ್ತು, ಯಾವ ಕೇರಿ ಎಂದು ಕೇಳುತ್ತಿರಲಿಲ್ಲ. ಜಾತಿಯ ಕಟ್ಟನ್ನು ಬಾನುಲಿ ಮುರಿಯಿತು ಎಂದು ಹೇಳಿದರೆ ಹೆಚ್ಚಾದೀತು. ಒಂದೇ ಹಾಸ್ಯಕ್ಕೆ ಎಲ್ಲ ಕೇರಿಯವರೂ ಒಂದೇ ಹೊತ್ತಿಗೆ ನಗುವಂತೆ ಮಾಡಿತು ಎಂಬುದಂತೂ ದಿಟ.

1974–1996: ಯಾದವಗಿರಿ, ನಮ್ಮ ಹಾಡಿನ ಸರದಿ

1974ರಲ್ಲಿ ಮೈಸೂರಿಗೆ ಬಾನುಲಿ ಕೇಂದ್ರ ಮರಳಿತು. ಯಾದವಗಿರಿಯ ಕಟ್ಟಡ ಗೋಪಾಲಸ್ವಾಮಿಯವರ ವಿಠಲ ವಿಹಾರದಿಂದ ಕೂಗಳತೆಯ ದೂರದಲ್ಲಿದೆ. ಪ್ರಸಾರ ಆರಂಭವಾದ ಮನೆಯ ಹತ್ತಿರಕ್ಕೇ ಪ್ರಸಾರ ಹಿಂದಿರುಗಿದ್ದು ಮೈಸೂರಿಗೆ ಹಬ್ಬವಾಯಿತು.

ಅಷ್ಟರಲ್ಲಿ ನಾಡಿನ ಗಮನ ಜಾನಪದದ ಕಡೆ ತಿರುಗಿತ್ತು. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆದಿತ್ತು. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಹಳ್ಳಿಹಳ್ಳಿ ಅಲೆದು ಮಹಾಕಾವ್ಯಗಳನ್ನು ಬರೆದುಕೊಂಡಿದ್ದರು. ಆ ಸಿರಿಯ ತವರು ನಮ್ಮ ಸೀಮೆ. ಮಲೆ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ, ಕುಣಿಯುತ್ತಾರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಸಿದ್ದಪ್ಪಾಜಿ, ರಾಚಪ್ಪಾಜಿಯರ ಕಥೆ ಹೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೊರುಕನ ಕುಣಿತ. ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳ ಸೋಬಾನೆ. 1956ರವರೆಗೆ ಮಹದೇಶ್ವರನ ಬೆಟ್ಟವಿರುವ ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿತ್ತು. ಗಡಿಯಾಚೆಗಿದ್ದಾಗಲೂ ಒಕ್ಕಲಿನವರ ಹಾಡಿಗೆ ಗಡಿ ಇರಲಿಲ್ಲ. ಈಗ ಬೆಟ್ಟ, ಹಾಡುಗಾರ, ಬಾನುಲಿ ಮೂರೂ ಒಂದೇ ರಾಜ್ಯದಲ್ಲಿದ್ದವು.

ವಿನೋದಾವಳಿಯ ಅರ್ಥ ಇಲ್ಲಿ ಹಿಗ್ಗಿತು. ಈ ಕಾವ್ಯಗಳಲ್ಲಿ ಭಕ್ತಿ ಇದೆ, ಸಂಗೀತ ಇದೆ, ಅಷ್ಟೇ ಪ್ರಮಾಣದಲ್ಲಿ ನಗೆಯೂ ಇದೆ. ಕಥೆ ಹೇಳುವ ದೇವರಗುಡ್ಡ ನಡುವೆ ನಿಲ್ಲಿಸಿ, ಹಿಮ್ಮೇಳದವನೊಡನೆ ಸವಾಲು ಜವಾಬು ಆಡುತ್ತಾನೆ. ದೊರೆಯನ್ನು ಮೂದಲಿಸುತ್ತಾನೆ, ಕುಂಟು ನೆಪ ಹೇಳುವ ಒಕ್ಕಲನ್ನು ಅಣಕಿಸುತ್ತಾನೆ, ಮುಂದೆ ಕೂತ ಕೇಳುಗರ ಹೆಸರು ಹಿಡಿದು ನಗಿಸುತ್ತಾನೆ. ಹಾಡು, ಮಾತು, ಹಾಸ್ಯವನ್ನು ಬೆರೆಸುವ ಕಲೆಯನ್ನು ಬಾನುಲಿ ನಮ್ಮವರಿಗೆ ಕಲಿಸಬೇಕಿರಲಿಲ್ಲ. ಅದು ನಮ್ಮಲ್ಲಿ ಮೊದಲೇ ಇತ್ತು. ಬಾನುಲಿ ಅದಕ್ಕೆ ಮೈಕು ಹಿಡಿಯಿತು.

ಕಷ್ಟವೂ ಇತ್ತು. ರಾತ್ರಿಯಿಡೀ ಹಾಡುವ ಕಾವ್ಯ, ಬಾನುಲಿಯಲ್ಲಿ ಅರ್ಧ ಗಂಟೆಯೊಳಗೆ ಮುಗಿಯಬೇಕು. ಗಡಿಯಾರ ನೋಡಿ ಹಾಡದವರಿಗೆ ಸ್ಟುಡಿಯೋದ ಕೆಂಪು ದೀಪದ ಕಟ್ಟಳೆ ಬಿಗಿ ಎನಿಸಿತು. ಉತ್ತರ ಕಾವ್ಯದೊಳಗೇ ಸಿಕ್ಕಿತು. ಮಾದೇಶ್ವರ ಕಾವ್ಯ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಸಾಲುಗಳಾಗಿ ಹರಿಯುತ್ತದೆ. ಒಂದೊಂದು ಸಾಲೂ ಒಂದೊಂದು ಕಥೆ. ಸಾಲಿನ ಒಂದು ಭಾಗ ಆರಿಸಿ, ಆರಂಭದ ಪದ, ನಡುವಿನ ಮಾತು, ಮಂಗಳ ಇಟ್ಟುಕೊಂಡರೆ ಕಾರ್ಯಕ್ರಮಕ್ಕೆ ರೂಪ ಬರುತ್ತದೆ. ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ಮುಂದೆ ಜನವಿಲ್ಲದೆ ಹಾಡುವುದು ಬೇಸರವಾದಾಗ ಧ್ವನಿಮುದ್ರಣದ ವಾಹನವೇ ಹಳ್ಳಿಗೆ ಬಂದು ಜಾತ್ರೆಯ ನಡುವೆ ಮುದ್ರಿಸಿಕೊಳ್ಳುವ ಪದ್ಧತಿಯೂ ಬಾನುಲಿಯಲ್ಲಿ ಬೆಳೆಯಿತು. ಕಾವ್ಯ ಕುಗ್ಗಿತು ಎಂದು ಕೊರಗಿದ ವಿದ್ವಾಂಸರ ಮಾತಿನಲ್ಲಿ ನಿಜವಿದೆ. ಆದರೆ ಕಂಸಾಳೆಯ ಸದ್ದನ್ನೇ ಕೇಳದ ಮಲೆನಾಡಿನವರೂ ಅದನ್ನು ಕೇಳುವಂತಾಯಿತು ಎಂಬುದೂ ಅಷ್ಟೇ ನಿಜ.

ಹಾಡುಗಾರರಿಗೆ ಇದರಿಂದ ಬಂದದ್ದು ಸಂಭಾವನೆಗಿಂತ ಹೆಚ್ಚಿನದು. ಭಿಕ್ಷೆಯ ಜೋಳಿಗೆ ಹಿಡಿದು ಮನೆಮನೆ ಸುತ್ತುವ ಕುಲವೃತ್ತಿಯವರನ್ನು ಊರಿನವರು ಗೌರವದಿಂದ ಕಂಡರೂ ಕಲಾವಿದರೆಂದು ಕರೆಯುತ್ತಿರಲಿಲ್ಲ. ಹೆಸರು ಬರೆದ ಕರಾರು ಪತ್ರ ಅಂಚೆಯಲ್ಲಿ ಬಂದಾಗ, ಉದ್ಘೋಷಕರು ಊರಿನ ಹೆಸರು ಸೇರಿಸಿ ‘ಇವರಿಂದ’ ಎಂದು ಹೇಳಿದಾಗ, ಅದೇ ಜಗಲಿಯಲ್ಲಿ ಕೂತು ಕೇಳಿದ ಊರಿಗೆ ತನ್ನ ಮಗನ ಬೆಲೆ ತಿಳಿಯಿತು. ಮಕ್ಕಳು ತಂಬೂರಿ ಮುಟ್ಟಲು ನಾಚುತ್ತಿದ್ದ ಕಾಲದಲ್ಲಿ ಇದು ಪರಂಪರೆಯನ್ನು ಹಿಡಿದು ನಿಲ್ಲಿಸಿದ ಬಲ.

1997ರಿಂದ ಇಂದಿನವರೆಗೆ: ಹೊಸ ಅಲೆ

1997 ನಮ್ಮ ಪಾಲಿಗೆ ಎರಡು ಕಾರಣಕ್ಕೆ ನೆನಪಿನ ವರ್ಷ. ಆಗಸ್ಟ್ 15ರಂದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ನವೆಂಬರ್ 23ರಂದು ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದು ಆಕಾಶವಾಣಿ ಅದರ ಕೈಗೆ ಬಂತು. ಜಿಲ್ಲೆ ಬೇರೆಯಾದರೂ ಬಾನುಲಿಯ ನಂಟು ಬೇರೆಯಾಗಲಿಲ್ಲ. ಮೈಸೂರು ಆಕಾಶವಾಣಿ 100.6 ಎಫ್‌ಎಂ ಆಗಿ ಮುಂದುವರಿಯಿತು.

ಈ ಹೊತ್ತಿಗೆ ಕಾಲ ಬದಲಾಗಿತ್ತು. ಟೆಲಿವಿಷನ್ ಸಂಜೆಯ ಜಗಲಿಯನ್ನು ಮನೆಯ ಒಳಕ್ಕೆ ಸೆಳೆದಿತ್ತು. ಕ್ಯಾಸೆಟ್ಟು ಬಂದ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಮಂಟೇಸ್ವಾಮಿ ಕಥೆ ಬೇಕಾದಾಗ ಕೇಳಸಿಗುತ್ತಿತ್ತು. ನಗರದ ಖಾಸಗಿ ಎಫ್‌ಎಂಗಳು ಚುರುಕಾದ ಮಾತಿನ ಹೊಸ ಹಾಸ್ಯ ತಂದವು. ಹಾಗೆಂದು ಕೇಳುಗರು ಆಕಾಶವಾಣಿಯ ಕೈ ಬಿಡಲಿಲ್ಲ. ಹೊಲದಲ್ಲಿ ಕೈ ಕೆಲಸ ಮಾಡುತ್ತಿರುವವರಿಗೆ, ಹಸು ಕಾಯುವವರಿಗೆ, ಟ್ರ್ಯಾಕ್ಟರು ಓಡಿಸುವವರಿಗೆ ಕಣ್ಣು ಬೇಡದ ಮಾಧ್ಯಮ ಇಂದಿಗೂ ಬೇಕು. ಈಗ ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದರೆ ಹರವೆಯ ಹುಡುಗ ಬೆಂಗಳೂರಿನ ಕೆಲಸದ ನಡುವೆಯೂ ತನ್ನ ಸೀಮೆಯ ಹಾಡು ಕೇಳಬಲ್ಲ.

ಇನ್ನೊಂದು ಒಳ್ಳೆಯ ಬೆಳವಣಿಗೆ ಸಮುದಾಯ ಬಾನುಲಿ. ನಮ್ಮ ನೆರೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ‘ಜನಧ್ವನಿ’ಯನ್ನು ನಡೆಸುತ್ತಿದೆ. ಹಳ್ಳಿಯವರೇ ಬರೆದು, ಹಳ್ಳಿಯವರೇ ಆಡಿ ಹಾಡುವ ಕಾರ್ಯಕ್ರಮಗಳವು. 1935ರಲ್ಲಿ ಒಬ್ಬ ಮೇಷ್ಟರು ತಮ್ಮ ಮನೆಯಲ್ಲಿ ಮಾಡಿದ ಸಾಹಸ, ಇಂದು ಕಾಡಂಚಿನ ಊರೊಂದರಲ್ಲಿ ಇನ್ನೊಂದು ರೂಪದಲ್ಲಿ ನಡೆದಿದೆ.

ಮುಂದಿನ ಹತ್ತು ವರ್ಷಕ್ಕೆ

ಸ್ಥಾಪಕರ ಗುರಿ ಜನರಿಗೆ ಕಲೆಯನ್ನೂ ತಿಳಿವಳಿಕೆಯನ್ನೂ ತಲುಪಿಸುವುದು. ಸಂಸ್ಥಾನದ ಕಾಲದಲ್ಲಿ ಅದು ಕನ್ನಡದ ಕಾವಲಾಯಿತು, ರಾಷ್ಟ್ರೀಯ ಜಾಲದ ಕಾಲದಲ್ಲಿ ಲಘು ಸಂಗೀತ, ನಾಟಕಗಳ ಶಾಲೆಯಾಯಿತು, 1974ರ ಮೇಲೆ ನಮ್ಮ ಸೀಮೆಯ ಹಾಡುಗಾರರ ವೇದಿಕೆಯಾಯಿತು. ಗುರಿಗಳು ಬದಲಾದವು, ಪ್ರತಿ ಹಂತದಲ್ಲೂ ಬಾಗಿಲು ಇನ್ನಷ್ಟು ಅಗಲವಾಯಿತು.

ಈಗ ಕಾಪಾಡುವ ಕೆಲಸ ಬಾಕಿಯಿದೆ. ನೇರ ಪ್ರಸಾರದ ಮೊದಲ ಇಪ್ಪತ್ತು ವರ್ಷದ ಹೆಚ್ಚಿನ ಪ್ರಹಸನಗಳು, ಹಾಡುಗಳು ಮೈಕು ಆರಿದೊಡನೆ ಮುಗಿದುಹೋದವು. ಆಮೇಲಿನ ಸುರುಳಿ ಟೇಪುಗಳಿಗೂ ಆಯುಸ್ಸಿದೆ. ಮಣ್ಣಿನ ಗೋಡೆಯ ಮನೆಗಳಲ್ಲಿ, ಹಳೆಯ ಪೆಟಾರಿಗಳಲ್ಲಿ ಕರಾರು ಪತ್ರಗಳು, ಕೈಬರಹದ ಪ್ರಹಸನಗಳು, ರೇಡಿಯೋ ಲೈಸೆನ್ಸ್ ಪುಸ್ತಕಗಳು, ಕೇಳುಗರ ಪತ್ರಕ್ಕೆ ಬಂದ ಉತ್ತರಗಳು ಇನ್ನೂ ಇವೆ. ಹರವೆ, ಚಾಮರಾಜನಗರ, ಗುಂಡ್ಲುಪೇಟೆಯ ಮನೆಗಳಲ್ಲಿ ಅಂಥದ್ದು ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೋ ತೆಗೆಸಿಡಿ, ಮೂಲವನ್ನು ಮೈಸೂರಿನ ಜಾನಪದ ಸಂಗ್ರಹಾಲಯಕ್ಕೋ ಆಕಾಶವಾಣಿ ಕೇಂದ್ರಕ್ಕೋ ಒಪ್ಪಿಸಿ. ಮನೆಯಲ್ಲಿ ಹಿರಿಯ ಹಾಡುಗಾರರಿದ್ದರೆ ಮೊಬೈಲಿನಲ್ಲೇ ಅವರ ಒಂದೊಂದು ಸಾಲನ್ನೂ ಪೂರ್ತಿಯಾಗಿ, ಕತ್ತರಿ ಹಾಕದೆ ಮುದ್ರಿಸಿಡಿ. ಸಂಸ್ಥೆಯೂ ತನ್ನ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತಂದು, ಹಾಡಿದವರ ಹೆಸರು ಮತ್ತು ಊರಿನೊಡನೆ ಜನರಿಗೆ ಮರಳಿ ಕೇಳಿಸಬೇಕು. 2035ರಲ್ಲಿ ಶತಮಾನೋತ್ಸವ ಬರುತ್ತದೆ. ಆ ಹೊತ್ತಿಗೆ ಹರವೆ ಸೀಮೆಯ ದನಿಗಳ ಸಂಪುಟವೊಂದು ಹೊರಬರಲಿ. ಅದಕ್ಕೆ ಇನ್ನು ಹತ್ತೇ ವರ್ಷವಿದೆ. ಕೆಲಸ ಈ ವರ್ಷವೇ ಆರಂಭವಾಗಬೇಕು.